ನೊಣವಿಲ್ಲದ ಊರಿನಲ್ಲಿ ಒಂದು ಭಾನುವಾರ

ಬೆಂಗಳೂರನ್ನು ಮೊದಲ ಸಲ ನೋಡುವ ಹೊತ್ತಿಗೆ ನನಗೆ ಐವತ್ತು ದಾಟಿತ್ತು. ನಗಬೇಡಿ. ದೊಡ್ಡಬಳ್ಳಾಪುರದಲ್ಲಿ ಬಸ್ಸು ಹತ್ತಿ ಒಂದು ತೂಕಡಿಕೆ ತೂಕಡಿಸಿದರೆ ಬಂದುಬಿಡುವ ಊರು ಅದು, ಗೊತ್ತು. ಆದರೆ ಹೋಗುವಂಥ ಕೆಲಸವಾದರೂ ನನಗೇನಿತ್ತು? ತವರು ಗೌರಿಬಿದನೂರಿನ ಕಡೆ. ಬಟ್ಟೆಬರೆಗೆ, ಆಸ್ಪತ್ರೆಗೆ ದೊಡ್ಡಬಳ್ಳಾಪುರವೇ ಸಾಕು. ಕಚೇರಿ ಕೆಲಸವಿದ್ದರೆ ಯಜಮಾನರು ಹೋಗುತ್ತಿದ್ದರು. ಹಸು ಕಟ್ಟಿಕೊಂಡವಳು ಎರಡು ಹೊತ್ತಿನ ಹಾಲು ಕರೆಯುವುದನ್ನು ಬಿಟ್ಟು ಎಲ್ಲಿಗೆ ಹೋದಾಳು? ಯಲಹಂಕ ದಾಟಿದವಳಲ್ಲ ನಾನು.

ನೋಡಿರಲಿಲ್ಲ ನಿಜ, ಆದರೆ ಬೆಂಗಳೂರಿನ ಎಂಜಲೆಲ್ಲ ನನಗೆ ಗೊತ್ತಿತ್ತು. ನಮ್ಮೂರಿನಾಚೆ ಕಲ್ಲು ತೆಗೆದು ಬಿಟ್ಟ ದೊಡ್ಡ ಹಳ್ಳವಿದೆ. ವರ್ಷಗಳಿಂದ ಅಲ್ಲಿಗೆ ಬೆಂಗಳೂರಿನ ಕಸದ ಲಾರಿಗಳು ಬರುತ್ತಿವೆ. ಆಯುಧಪೂಜೆ ಮುಗಿದರೆ ಬಾಳೆಕಂದು, ಒಡೆದ ಬೂದುಗುಂಬಳಕಾಯಿ. ಲಗ್ನದ ತಿಂಗಳಲ್ಲಿ ಕೈಯನ್ನೇ ಮುಟ್ಟಿಸದ ಜಹಾಂಗೀರು ಸಮೇತ ಊಟದೆಲೆ. ಹೊಸ ವರ್ಷಕ್ಕೆ ಬಾಟಲಿ, ಕೇಕು. ಯಾವ ಕಾಲಕ್ಕೂ ತಪ್ಪದೆ ಬರುವುದು ಮಕ್ಕಳಿಗೆ ಕಟ್ಟಿ ಬಿಸಾಡಿದ ಡೈಪರು. ಥೂ! ಮಳೆ ಬಿದ್ದರೆ ಆ ಗುಡ್ಡೆಯಿಂದ ಕಪ್ಪು ನೀರು ಇಳಿದು ಬರುತ್ತದೆ. ಅದು ನಮ್ಮ ಬಾವಿಗೆ ಇಳಿದ ಮೇಲೆ ಹಸುಗಳೂ ಆ ನೀರಿಗೆ ಮೂತಿ ಇಡಲಿಲ್ಲ. ಇನ್ನು ನೊಣ. ಅದರ ಬಗ್ಗೆ ಹೇಳಿದರೆ ಕೇಳಿದವರಿಗೆ ಊಟ ಸೇರುವುದಿಲ್ಲ.

ಇಷ್ಟನ್ನೂ ಸಹಿಸಿಕೊಂಡು ಬದುಕಿದ್ದೆವು. ಆದರೆ ಮಗನ ಮದುವೆಗೇ ಅದು ಅಡ್ಡ ಬಂತು. ನನ್ನ ಮಗ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರಲ್ಲಿ ಕೆಲಸದಲ್ಲಿದ್ದಾನೆ. ಕುಡಿಯುವವನಲ್ಲ, ಕೆಟ್ಟ ಮಾತಾಡುವವನಲ್ಲ, ನೋಡಲೂ ಲಕ್ಷಣವಾಗಿದ್ದಾನೆ. ಹೆತ್ತವಳಿಗೆ ಹೆಗ್ಗಣ ಮುದ್ದು ಅನ್ನಬೇಡಿ, ಊರವರೂ ಹೇಳುತ್ತಾರೆ. ನಮ್ಮ ಕಡೆ ಹೆಣ್ಣಿನವರು ಮನೆ ನೋಡಲು ಬರುವ ಪದ್ಧತಿ. ಬಂದವರು ಎಲೆಯ ಮುಂದೆ ಕೂತು ಊಟ ಮಾಡಿದರೆ ಒಪ್ಪಿದ ಹಾಗೆ. ಊಟ ಬೇಡ, ಕಾಫಿ ಸಾಕು ಎಂದರೆ ಅಲ್ಲಿಗೆ ಮುಗಿಯಿತು. ನಮ್ಮ ಮನೆಗೆ ಬಂದವರು ಎರಡು ಸಲವೂ ಆ ಕಾಫಿಯನ್ನೂ ಕುಡಿಯಲಿಲ್ಲ. ಹೆಂಗಸರು ಸೆರಗು ಮೂಗಿಗೆ ಹಿಡಿದು ಕೂತಿದ್ದರು. ಬಡಿಸಲೆಂದು ತಟ್ಟಿಟ್ಟ ಹೋಳಿಗೆಯ ಮೇಲೆ ನೊಣ ಕೂತಿದ್ದನ್ನು ನೋಡಿ ಒಬ್ಬಾಕೆ ಹೊರಗೆ ಎದ್ದುಹೋಗಿ ಉಗಿದು ಬಂದಳು.

ಮೂರನೆಯ ಸಂಬಂಧ ತಂದವಳು ನನ್ನ ನಾದಿನಿ. ಮಾಗಡಿ ಕಡೆಯ ಹುಡುಗಿ. ಅವಳ ಸೋದರಮಾವ ಬೆಂಗಳೂರಿನಲ್ಲಿದ್ದಾನೆ. ಈ ಸಲ ಮನೆ ನೋಡುವುದು ಆಮೇಲಾಗಲಿ, ಮೊದಲು ಬೆಂಗಳೂರಿನಲ್ಲೇ ಹುಡುಗ ಹುಡುಗಿ ನೋಡಿಕೊಳ್ಳಲಿ, ಮನಸ್ಸು ಕೂಡಿದ ಮೇಲೆ ಮೂಗು ಏನು ಮಾಡೀತು ಎಂದು ನಾದಿನಿಯೂ ಯಜಮಾನರೂ ಸೇರಿ ತೀರ್ಮಾನಿಸಿದರು.

"ಕಸದ ವಿಷ್ಯ ಬಾಯಿ ಬಿಡ್ಬೇಡ ಕಣೇ," ಎಂದರು ಯಜಮಾನರು. "ಸಾವಿರ ಸುಳ್ಳು ಹೇಳಿ ಒಂದು ಮದ್ವೆ ಮಾಡು ಅಂತಾರೆ."

"ಊರಿಗೆ ಬಂದೋಳು ನೀರಿಗೆ ಬರ್ದೆ ಇರ್ತಾಳಾ?" ಎಂದೆ ನಾನು.

"ಬಂದಾಗ ನೋಡ್ಕೊಳ್ಳೋಣ. ನೀನು ಬಾಯಿ ಮುಚ್ಕೊಂಡ್ ಹೋಗಿ ಬಾ."

ಹಸುಗಳನ್ನು ನೋಡಿಕೊಳ್ಳುವ ನೆಪದಲ್ಲಿ ಅವರು ಉಳಿದುಕೊಂಡರು. ಭಾನುವಾರ ನಾನು, ನನ್ನ ಮಗ ಇಬ್ಬರೇ ಹೊರಟೆವು. ಹುಡುಗಿಯ ಕಡೆಯವರು ಸಿಗುವುದು ಮೂರು ಗಂಟೆಗೆ, ರಾಹುಕಾಲ ಬರುವುದಕ್ಕೆ ಮೊದಲು. ಅಲ್ಲಿಯವರೆಗೆ ಊರು ನೋಡೋಣ ಬಾಮ್ಮ ಎಂದ ಮಗ. ಪಾಪ, ಅಮ್ಮನಿಗೆ ಬೆಂಗಳೂರು ತೋರಿಸುತ್ತೇನೆ ಎಂದು ಅವನಿಗೆ ಹಿಗ್ಗೋ ಹಿಗ್ಗು.

ಮೆಜೆಸ್ಟಿಕ್ಕಿನಲ್ಲಿ ಇಳಿದ ಕೂಡಲೇ ಉಚ್ಚೆಯ ನಾತ ಮೂಗಿಗೆ ಬಡಿಯಿತು. ಗೋಡೆಯುದ್ದಕ್ಕೂ ದೇವರ ಚಿತ್ರದ ಟೈಲ್ಸು ಅಂಟಿಸಿದ್ದರು. ದೇವರ ಮುಖಕ್ಕೆ ಹೆದರಿ ಗಂಡಸರು ಒಂದು ಮಾರು ಪಕ್ಕಕ್ಕೆ ಸರಿದು ನಿಂತು ಹೊಯ್ಯುತ್ತಿದ್ದರು. ಎಂಥ ಭಕ್ತಿ! ಅಲ್ಲಿಂದ ಮೆಟ್ರೋ ಹತ್ತಿಸಿದ. ತೊಳೆದಿಟ್ಟ ಹಾಗಿತ್ತು, ಅದನ್ನು ಸುಳ್ಳು ಹೇಳಬಾರದು. ಒಂದು ಕಾಗದದ ಚೂರು ಇಲ್ಲ, ಒಂದು ಎಲೆಯಡಿಕೆ ಕಲೆ ಇಲ್ಲ. ಪಕ್ಕದಲ್ಲಿ ಕೂತ ಹುಡುಗಿ ಮೈಗೆ ಏನೋ ಸೆಂಟು ಹಾಕಿಕೊಂಡಿದ್ದಳು. ಅವಳು ನನ್ನಿಂದ ಸ್ವಲ್ಪ ಸರಿದು ಕೂತ ಹಾಗೆ ಅನ್ನಿಸಿತು. ನನ್ನ ರೇಷ್ಮೆ ಸೀರೆಗೂ ನಮ್ಮೂರಿನ ವಾಸನೆ ಹಿಡಿದಿದೆಯೋ ಏನೋ ಎಂದು ಸೆರಗನ್ನು ಮೂಸಿ ನೋಡಿದೆ. ಎಷ್ಟು ಮೂಸಿದರೂ ನನಗೆ ಗೊತ್ತಾಗಲಿಲ್ಲ. ಆ ವಾಸನೆಯ ಮಟ್ಟಿಗೆ ನನ್ನ ಮೂಗು ಯಾವತ್ತೋ ಸತ್ತಿತ್ತು.

ಲಾಲ್‌ಬಾಗಿನಲ್ಲಿ ಮರಗಳ ಕೆಳಗೆ ಒಂದಷ್ಟು ಹೊತ್ತು ಚೆನ್ನಾಗಿತ್ತು. ಹೊರಗೆ ಬಂದರೆ ಎಳನೀರಿನ ಗಾಡಿಗಳು. ಗಿರಾಕಿಗಳು ಕುಡಿದದ್ದು ಕುಡಿದು ಬುರುಡೆಯನ್ನು ಗುಡ್ಡೆಗೆ ಎಸೆದು, ಅತ್ತ ತಿರುಗಿಯೂ ನೋಡದೆ ಹೋಗುತ್ತಿದ್ದರು. ಆ ಬುರುಡೆಗಳು ಎಲ್ಲಿಗೆ ಬರುತ್ತವೆ, ಮಳೆ ನೀರು ತುಂಬಿಕೊಂಡು ಅವುಗಳಲ್ಲಿ ಎಷ್ಟು ಸೊಳ್ಳೆಮರಿ ಆಡುತ್ತವೆ ಎಂಬುದು ನನಗೆ ಗೊತ್ತು. ನನ್ನ ಮಗ ಎಳನೀರು ಕೊಡಿಸುತ್ತೇನೆ ಎಂದ. ನನಗೆ ಬೇಡವೇ ಬೇಡ ಎಂದೆ.

ಆಮೇಲೆ ಒಂದು ಮಾಲಿಗೆ ಕರೆದುಕೊಂಡು ಹೋದ. ಅಯ್ಯೋ ಶಿವನೇ, ಆ ತಂಪೇನು, ಆ ಘಮವೇನು! ಕಕ್ಕಸಿನಲ್ಲಿ ಕೂಡ ಮಲ್ಲಿಗೆಯ ವಾಸನೆ. ಮೇಲಿನ ಮಹಡಿಯಲ್ಲಿ ತಿನ್ನುವ ಜಾಗ. ಸಂತೆಯ ಹಾಗೆ ಜನ. ಒಂದು ಸಂಸಾರ ಟೇಬಲ್ಲು ತುಂಬ ಏನೇನೋ ತರಿಸಿಕೊಂಡು, ಅದರ ಫೋಟೋ ಹಿಡಿದು, ಇಷ್ಟಿಷ್ಟು ಗಿಂಡಿಕೊಂಡು ತಿಂದು ಎದ್ದುಹೋಯಿತು. ಸಮವಸ್ತ್ರದ ಹೆಂಗಸೊಬ್ಬಳು ಬಂದು ಅನ್ನ, ಕೋಳಿ, ಪನೀರು, ಕಾಗದ, ಪ್ಲಾಸ್ಟಿಕ್ಕು ಎಲ್ಲವನ್ನೂ ಒಂದೇ ಡಬ್ಬಿಗೆ ಸುರಿದಳು. ತಿಂಗಳು ಕಳೆದ ಮೇಲೆ ಕೊಳೆತದ್ದನ್ನು ನೋಡಿದ್ದೆ. ಹೀಗೆ ಬಿಸಿ ಆರುವ ಮೊದಲೇ ಬಿಸಾಡುವುದನ್ನು ಕಣ್ಣಾರೆ ನೋಡಿದಾಗ ಇನ್ನೂ ಹೇಸಿಗೆಯಾಯಿತು.

"ಹೆಂಗಿದೆಯಮ್ಮ?" ಎಂದು ಕೇಳಿದ ಮಗ.

"ನಿಮ್ ಬೆಂಗ್ಳೂರಿಗಿಷ್ಟು ಬೆಂಕಿ ಹಾಕ. ನಡಿ ಹೊರಗೆ," ಎಂದೆ. ಅವನ ಮುಖ ಸಣ್ಣಗಾಯಿತು. ತೋರಿಸಲು ಕರೆದುಕೊಂಡು ಬಂದವನ ಮೇಲೆ ರೇಗಬಾರದಿತ್ತು. ಆದರೆ ನನ್ನ ಬಾಯಿಗೆ ಬೀಗವಿಲ್ಲ.

ಮೂರು ಗಂಟೆಗೆ ಜಯನಗರದ ಹೋಟೆಲೊಂದರಲ್ಲಿ ಅವರೆಲ್ಲ ಸಿಕ್ಕರು. ಹುಡುಗಿ, ಅವಳ ತಾಯಿ, ಸೋದರಮಾವ. ಹುಡುಗಿ ಕಪ್ಪಗೆ, ಕಳೆಕಳೆಯಾಗಿದ್ದಳು. ತಲೆ ತಗ್ಗಿಸಿ ಕೂರುವ ನಾಟಕವಿಲ್ಲ. ನನ್ನ ಮಗನನ್ನು ನೇರವಾಗಿ ನೋಡಿ, ಪಾಳಿ ಕೆಲಸವಾ, ರಾತ್ರಿಯೂ ಹೋಗಬೇಕಾ ಎಂದು ಕೇಳಿದಳು. ಅವನು ಏನೋ ಹೇಳಿದ, ಅವಳು ನಕ್ಕಳು. ಅವನೂ ನಕ್ಕ. ಮಗ ಹಾಗೆ ನಕ್ಕಿದ್ದನ್ನು ನಾನು ನೋಡಿ ಎಷ್ಟು ಕಾಲವಾಗಿತ್ತೋ. ದೇವರೇ, ಇದೊಂದು ಕೂಡಿಸಿಬಿಡಪ್ಪ ಎಂದುಕೊಂಡೆ. ಅವಳ ತಾಯಿಯೂ ಒಳ್ಳೆಯವಳೇ. ಹಸು ಎಷ್ಟಿವೆ, ರಾಗಿ ಹೇಗೆ ಬಂತು ಎಂದೆಲ್ಲ ಮಾತಾಡಿದಳು. ನಾನು ಯಜಮಾನರ ಮಾತಿನಂತೆ ಕೇಳಿದಷ್ಟಕ್ಕೆ ಮಾತ್ರ ಉತ್ತರ ಕೊಟ್ಟೆ.

ದೋಸೆ ಬಂತು, ಕಾಫಿ ಬಂತು. ಹುಡುಗಿಯ ಮಾವ ಅರ್ಧ ದೋಸೆ ತಿಂದು ತಟ್ಟೆ ಪಕ್ಕಕ್ಕೆ ತಳ್ಳಿದ. ಆಮೇಲೆ ನಮ್ಮ ಕಡೆ ನೋಡುತ್ತ ನಗತೊಡಗಿದ.

"ಯಾಕಮ್ಮ, ಇಲ್ಲೇನು ನೊಣ ಇಲ್ವಲ್ಲ?"

ಮೊದಲು ನನಗೆ ಅರ್ಥವಾಗಲಿಲ್ಲ. ಆಮೇಲೆ ನನ್ನ ಕೈ ನೋಡಿಕೊಂಡೆ. ಎಡಗೈ ದೋಸೆಯ ಮೇಲೆ ಅತ್ತಿಂದಿತ್ತ ಬೀಸಿಕೊಳ್ಳುತ್ತಿತ್ತು. ಕಾಫಿ ಲೋಟದ ಮೇಲೆ ಬಟ್ಟಲನ್ನು ಬೋರಲು ಹಾಕಿಟ್ಟಿದ್ದೆ. ಪಕ್ಕದಲ್ಲಿ ನನ್ನ ಮಗನೂ ಅಷ್ಟೇ. ಹುಡುಗಿಯ ಜೊತೆ ನಗುತ್ತ ಮಾತಾಡುತ್ತಲೇ, ಬಲಗೈಯಲ್ಲಿ ತಿನ್ನುತ್ತ ಎಡಗೈಯನ್ನು ತಟ್ಟೆಯ ಮೇಲೆ ಬೀಸುತ್ತಿದ್ದ. ನಮ್ಮೂರಿನಲ್ಲಿ ಎಲ್ಲರೂ ಹಾಗೆಯೇ ಉಣ್ಣುವುದು. ಕೂಸುಗಳೂ ಬೀಸಿಕೊಳ್ಳುವುದನ್ನು ಕಲಿತೇ ತುತ್ತು ಎತ್ತುತ್ತವೆ. ಒಂದೇ ಒಂದು ನೊಣವಿಲ್ಲದ ಆ ಹೋಟೆಲಿನಲ್ಲಿ ತಾಯಿ ಮಗ ಇಬ್ಬರೂ ಬರಿಯ ಗಾಳಿಯನ್ನು ಓಡಿಸುತ್ತ ಕೂತಿದ್ದೆವು.

ಮಗ ಕೈ ನಿಲ್ಲಿಸಿದ. ಕಿವಿಯವರೆಗೂ ಕೆಂಪಾದ.

"ನಿಮ್ಮೂರು ಎಲ್ಲಿ ಅಂದ್ರಿ? ಓ, ಆ ಕಸ ಹಾಕ್ತಾರಲ್ಲ, ಆ ಕಡೆನಾ?" ಎಂದ ಮಾವ. "ಛೇ ಛೇ, ಟೀವೀಲಿ ನೋಡಿದ್ದೆ. ಹೆಂಗಿರ್ತೀರಪ್ಪಾ ಆ ಗಲೀಜಲ್ಲಿ?"

ಬಾಯಿ ಮುಚ್ಚಿಕೊಂಡಿರಬೇಕಿತ್ತು. ಎಷ್ಟು ಹೊತ್ತು ಅಂತ ಮುಚ್ಚಿಕೊಂಡಿರಲಿ?

"ಗಲೀಜು ನಮ್ದಲ್ಲ ಸ್ವಾಮಿ, ನಿಮ್ದೇ," ಎಂದೆ. ಅವನ ತಟ್ಟೆ ತೋರಿಸಿದೆ. "ಇಗೋ, ಈ ಅರ್ಧ ದೋಸೆ ಬಿಟ್ರಲ್ಲ, ಇದೂ ನಮ್ಮನೆ ಬಾಗ್ಲಿಗೇ ಬರೋದು. ನೀವು ತಿಂದು ಬಿಟ್ಟಿದ್ದರ ವಾಸನೆ ಕುಡ್ಕೊಂಡು ನಾವಿದೀವಿ. ನಿಮಗೆ ಹೇಸಿಗೆ ಆಯ್ತಾ?"

ಹುಡುಗಿ ತನ್ನ ತಟ್ಟೆಯನ್ನು ನೋಡುತ್ತ ಕೂತಳು. ಅವಳ ತಾಯಿ ಕೈ ತೊಳೆದು ಬಂದು, ನನ್ನ ಕೈಯನ್ನು ಮೆತ್ತಗೆ ಹಿಡಿದುಕೊಂಡಳು. "ತಪ್ಪು ತಿಳ್ಕೋಬೇಡಿ ಅಕ್ಕ. ಹೇಳಿ ಕಳಿಸ್ತೀವಿ," ಎಂದಳು.

ಹೇಳಿ ಕಳಿಸ್ತೀವಿ ಎಂದರೆ ಏನೆಂದು ಗಂಡು ಹೆತ್ತವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ವಾಪಸು ಬಸ್ಸಿನಲ್ಲಿ ನನ್ನ ಮಗ ಬೈಯುತ್ತಾನೆ ಎಂದು ಕಾದೆ. ನಿನ್ನ ಬಾಯಿಂದಲೇ ಕೆಟ್ಟಿತು ಎನ್ನುತ್ತಾನೆ ಎಂದುಕೊಂಡಿದ್ದೆ. ಅಂದಿದ್ದರೆ ನಾನೂ ನಾಲ್ಕು ಮಾತು ಅಂದು ಹಗುರಾಗುತ್ತಿದ್ದೆ. ಯಲಹಂಕ ದಾಟುವವರೆಗೂ ಅವನು ಕಿಟಕಿಯ ಕಡೆಗೇ ನೋಡುತ್ತಿದ್ದ. ಆಮೇಲೆ ಒಂದೇ ಒಂದು ಮಾತು ಕೇಳಿದ.

"ಅಮ್ಮಾ, ನಾನು ಮೊದ್ಲಿಂದಾನೂ ಬೀಸ್ತಿದ್ನಾ? ಅವಳು ನಕ್ಕಾಗ್ಲೂ?"

ಗೊತ್ತಿಲ್ಲ ಕಣಪ್ಪ, ನಾನು ನೋಡಲಿಲ್ಲ ಎಂದೆ. ಅವನು ಮತ್ತೆ ಕಿಟಕಿಯ ಕಡೆ ತಿರುಗಿದ.

ಮರುದಿನ ಬೆಳಿಗ್ಗೆ ಅವನು ಕೆಲಸಕ್ಕೆ ಹೊರಡುವ ಮುಂಚೆ ಚಿತ್ರಾನ್ನ ಬಡಿಸಿದೆ. ತಟ್ಟೆ ಇಡುವುದಕ್ಕಿಲ್ಲ, ನೊಣಗಳು ಮುತ್ತಿಕೊಂಡವು. ಯಜಮಾನರು ಒಂದು ಕೈಯಲ್ಲಿ ಬೀಸಿಕೊಳ್ಳುತ್ತ ಇನ್ನೊಂದು ಕೈಯಲ್ಲಿ ತಿನ್ನುತ್ತಿದ್ದರು. ನನ್ನ ಮಗ ಎಡಗೈಯನ್ನು ತೊಡೆಯ ಕೆಳಗೆ ಒತ್ತಿ ಇಟ್ಟುಕೊಂಡು ಕೂತಿದ್ದ. ಅನ್ನದ ಮೇಲೆ, ಬೆರಳ ಮೇಲೆ, ತುಟಿಯ ಅಂಚಿನಲ್ಲಿ ಕೂಡ ನೊಣ ಕೂತಿತ್ತು. ಅವನು ಅಲ್ಲಾಡಲಿಲ್ಲ. ಒಂದೊಂದೇ ತುತ್ತು ಬಾಯಿಗಿಡುತ್ತಿದ್ದ. ನನಗೆ ನೋಡಲಾಗಲಿಲ್ಲ.

"ಥೂ, ಬೀಸ್ಕೊಳ್ಳೋ ಅದನ್ನ!" ಎಂದು ಕೂಗಿದೆ.

"ಬೇಡ ಬಿಡಮ್ಮ," ಎಂದ. "ಇನ್ನೊಂದ್ಸಲ ಹೆಣ್ಣು ನೋಡೋಕೆ ಹೋದಾಗ ಕೈ ಎತ್ಬಾರ್ದು. ಈಗ್ಲೇ ಅಭ್ಯಾಸ ಮಾಡ್ಕೋಬೇಕು."