ಚಿತ್ತಮ್ಮನ ಕರಿದಾರ

ಬೆಳಗಿನ ಆರೂವರೆ. ಹೊಳಲ್ಕೆರೆಯ ಆ ಪದವಿ ಕಾಲೇಜಿನ ಗೇಟು ಈಗಷ್ಟೇ ತೆರೆದಿದೆ. ಮೂಲೆಯ ಜೀವರಸಾಯನ ಲ್ಯಾಬಿನಲ್ಲಿ ಮಾತ್ರ ಆಗಲೇ ನೀರು ಕುದಿಯುತ್ತಿದೆ. ಅಟೆಂಡರ್ ಚಿತ್ತಮ್ಮ ಟ್ಯೂಬೊಂದರ ದ್ರಾವಣಕ್ಕೆ ನಾಲ್ಕು ಹನಿ ನಿನ್‌ಹೈಡ್ರಿನ್ ಎಂಬ ಪರೀಕ್ಷಾ ಮದ್ದು ಬಿಟ್ಟು, ಬಿಸಿನೀರಲ್ಲಿ ನಿಲ್ಲಿಸಿ ಕಾಯುತ್ತಾರೆ. ದ್ರಾವಣ ಮೆಲ್ಲಗೆ ನೇರಳೆಗೆ ತಿರುಗುತ್ತದೆ. “ಹ್ಞಾಂ, ಮದ್ದು ಕೆಟ್ಟಿಲ್ಲ” ಎನ್ನುತ್ತಾ ಮುಂದಿನ ಬಾಟಲಿಗೆ ಕೈ ಹಾಕುತ್ತಾರೆ.

ಆ ನೇರಳೆ ಅವರ ಬೆರಳ ತುದಿಗೂ ಅಂಟಿದೆ, ಎಷ್ಟು ತಿಕ್ಕಿದರೂ ಹೋಗುವುದಿಲ್ಲ. “ಮದುವೆ ಮನ್ಯಾಗೆ ಊಟಕ್ಕೆ ಕುಂತ್ರೆ, ಎಲ್ಲಿ ನೇರಳೆಹಣ್ಣು ತಿಂದು ಬಂದೆ ಅಂತಾರೆ. ಮೊದಮೊದ್ಲು ಬಿಡಿಸಿ ಹೇಳ್ತಿದ್ದೆ. ಈಗ ಹ್ಞೂಂ ಅಂತೀನಿ, ಅಷ್ಟೆ.”

ಹೊರಕೆರೆದೇವಪುರದ ಆಚೆಯ ಕುರಿಗಾಹಿ ಹಟ್ಟಿಯ ಹೆಣ್ಣುಮಗಳು, ಕಲಿತದ್ದು ಏಳನೇ ತರಗತಿ. ಇಪ್ಪತ್ತೊಂದು ವರ್ಷದ ಹಿಂದೆ ಕಸ ಗುಡಿಸಲು ಬಂದವರ ಕೈಗೆ ಲ್ಯಾಬಿನ ಬೀಗ ಬಿತ್ತು. ಕೆಲಸ ಇವತ್ತಿಗೂ ಗುತ್ತಿಗೆಯದೇ. ಪ್ರತಿ ಜೂನ್‌ನಲ್ಲಿ ಹೊಸ ಆದೇಶ ಬಂದರೆ ಉಂಟು, ಇಲ್ಲದಿದ್ದರೆ ಇಲ್ಲ. ಬಾಟಲಿಗಳ ಮೇಲಿನ ಇಂಗ್ಲಿಷ್ ಹೆಸರು ಅವರಿಗೆ ಓದಲು ಬಾರದು. ಅದಕ್ಕೊಂದು ಉಪಾಯ ತವರಿನಿಂದಲೇ ಬಂತು.

“ನಮ್ಮಪ್ಪನ ಹತ್ರ ಇನ್ನೂರು ಕುರಿ ಇದ್ವು. ಗಬ್ಬದ್ದಕ್ಕೊಂದು ಬಣ್ಣ, ಈದಿದ್ದಕ್ಕೊಂದು, ಕಾಯಿಲೇದಕ್ಕೊಂದು, ಹಿಂಗೆ ಕೊರಳಿಗೆ ಉಣ್ಣೆ ದಾರ ಕಟ್ಟೋನು. ಬಾಟ್ಲಿಗೂ ಕೊರಳೈತಲ್ಲ, ನಾನೂ ಕಟ್ಟಿದೆ.”

ಬೇಳೆ, ಮೊಟ್ಟೆ, ಕುರಿಯ ಉಣ್ಣೆ, ನಮ್ಮ ಮೈಮಾಂಸ, ಎಲ್ಲದರ ಪ್ರೋಟೀನೂ ಅಮೈನೋ ಆಮ್ಲಗಳೆಂಬ ಇಪ್ಪತ್ತು ಬಗೆಯ ಮಣಿಗಳನ್ನು ಪೋಣಿಸಿದ ಸರ. ಈ ಲ್ಯಾಬಿನ ಕಪಾಟಿನಲ್ಲಿರುವುದು ಹನ್ನೊಂದು. ನಿನ್‌ಹೈಡ್ರಿನ್‌ಗೆ ಎಲ್ಲವೂ ನೇರಳೆಯಾದರೆ ಪ್ರೋಲೀನ್ ಒಂದೇ ಹಳದಿಯಾಗುತ್ತದೆ. ಅದಕ್ಕೆ ಹಳದಿ ದಾರ. ಸಕಾಗುಚಿ ಪರೀಕ್ಷೆಗೆ ಕೆಂಪಾಗುವ ಅರ್ಜಿನೈನ್‌ಗೆ ಕೆಂಪು. ಸೀಸದ ದ್ರಾವಣದ ಜೊತೆ ಕ್ಷಾರದಲ್ಲಿ ಕುದಿಸಿದರೆ ಕಪ್ಪಗಾಗುವ, ಗಂಧಕವಿರುವ ಸಿಸ್ಟೀನ್‌ಗೆ ಕಪ್ಪು. ಪಾಠಪುಸ್ತಕ ಮಾಡುವ ವಿಂಗಡಣೆಯನ್ನು ಚಿತ್ತಮ್ಮ ತಮ್ಮ ಉಣ್ಣೆಯಲ್ಲೇ ಮಾಡಿಕೊಂಡಿದ್ದಾರೆ. ದಿನಕ್ಕೆ ಮೂರು ಬ್ಯಾಚು, ನೂರ ನಲವತ್ತು ಟ್ಯೂಬು ತೊಳೆಯುವುದು, ಎಂಟು ಬಗೆಯ ಮದ್ದು ಕಲಸುವುದು. ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಆ ಕಪಾಟಿನ ಫೋಟೊ ಇದೆ, ಪುಣ್ಯಕ್ಕೆ! ಚಿತ್ತಮ್ಮನದು ಇಲ್ಲ.

ಇಂಥ ದಾರವೇ ಕಳೆದ ತಿಂಗಳು ಕೈಕೊಟ್ಟಿತು. ಹೊಸದಾಗಿ ಮೆಥಿಯೊನೈನ್ ಎಂಬ ಬಾಟಲಿ ಬಂದಿತ್ತು. ಇದು ಯಾವ ಗುಂಪಿನದು ಎಂದು ಕೇಳಿದಾಗ ಉಪನ್ಯಾಸಕ ನಿರಂಜನ್, “ಇದರಲ್ಲೂ ಗಂಧಕ ಇದೆ” ಎಂದಿದ್ದರು. ಚಿತ್ತಮ್ಮ ಅದಕ್ಕೂ ಕರಿದಾರ ಕಟ್ಟಿದರು. ಪ್ರಾಯೋಗಿಕ ಪರೀಕ್ಷೆಯ ಬೆಳಿಗ್ಗೆ, ವಿದ್ಯಾರ್ಥಿಗಳು ಗುರುತು ಹಚ್ಚಬೇಕಾದ ಟ್ಯೂಬುಗಳ ಪಟ್ಟಿ ಕನ್ನಡದಲ್ಲಿ ಬಂತು, ಏಳನೇ ನಂಬರಿಗೆ ಸಿಸ್ಟೀನ್. ಅವರು ಕರಿದಾರದ ಬಾಟಲಿ ತೆಗೆದರು. ಎರಡರಲ್ಲಿ ತಪ್ಪಾದದ್ದನ್ನು.

ಏಳನೇ ನಂಬರು ಬಿದ್ದದ್ದು ಚಿಕ್ಕಜಾಜೂರಿನ ಪಲ್ಲವಿಗೆ. ಮೆಥಿಯೊನೈನ್‌ನಲ್ಲಿ ಗಂಧಕವಿದ್ದರೂ ಅದು ಸುಲಭಕ್ಕೆ ಬಿಟ್ಟುಕೊಡುವುದಿಲ್ಲ, ಸೀಸಕ್ಕೆ ಕಪ್ಪಾಗುವುದಿಲ್ಲ. ಹುಡುಗಿ ಮೂರು ಸಲ ಕುದಿಸಿ ನೋಡಿ, ಕಣ್ಣೊರೆಸಿಕೊಂಡು, “ಕಪ್ಪಾಗಲಿಲ್ಲ” ಎಂದೇ ಬರೆದಳು. ಹೊರಗಿನಿಂದ ಬಂದಿದ್ದ ಪರೀಕ್ಷಕರು ಪಟ್ಟಿಯಲ್ಲಿ ಸಿಸ್ಟೀನ್ ಎಂದಿದ್ದುದನ್ನು ನೋಡಿ ಕೆಂಪು ಗೀಟು ಎಳೆದರು. ಅಲ್ಲಿಗೆ ಅವಳು ಪ್ರಾಕ್ಟಿಕಲ್‌ನಲ್ಲಿ ಫೇಲು.

ಚಿತ್ತಮ್ಮನಿಗೆ ಗೊತ್ತಾದದ್ದು ತೊಳೆಯುವಾಗ. ಸಿಸ್ಟೀನ್ ಕುದಿಸಿದ ಟ್ಯೂಬಿನ ಕಪ್ಪು ಬ್ರಶ್ಶಿಗೂ ಜಗ್ಗುವುದಿಲ್ಲ. “ಏಳನೇದು ನೀರಿಗೆ ಹಿಡಿದಿದ್ದೇ ತಡ, ಫಳಫಳ ಅಂತು. ತಪ್ಪು ಹುಡುಗೀದಲ್ಲ, ನಂದು ಅಂತ ಆಗ್ಲೇ ತಿಳೀತು.”

ಸುಮ್ಮನೆ ತೊಳೆದಿಟ್ಟಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಗುತ್ತಿಗೆ ಮುಗಿಯಲು ಇನ್ನು ಮೂರೇ ವಾರ. ಅವರು ಒದ್ದೆ ಕೈಯಲ್ಲೇ ಪರೀಕ್ಷಕರು, ನಿರಂಜನ್ ಕೂತಿದ್ದ ಕೋಣೆಗೆ ಹೋದರು. ಅಂಕಪಟ್ಟಿಯ ಲಕೋಟೆಗೆ ಇನ್ನೇನು ಅರಗು ಬೀಳಬೇಕು. “ಸಾರ್, ಅಂಟಿಸಬ್ಯಾಡ್ರಿ. ಏಳನೇದಕ್ಕೆ ನಾನು ಬ್ಯಾರೆ ಬಾಟ್ಲಿ ಹಾಕೀನಿ. ಆ ಹುಡುಗಿ ಕಂಡಿದ್ದೇ ಬರ್ದೈತೆ.”

ನಿರಂಜನ್ ಉಳಿದ ದ್ರಾವಣಕ್ಕೆ ಬೇರೊಂದು ಪರೀಕ್ಷೆ ಮಾಡಿದರು. ಮೆಥಿಯೊನೈನ್ ಎಂದು ಖಚಿತವಾಯಿತು. ಗೀಟು ಹೋಗಿ ಅಂಕ ಬಂತು, ಪಲ್ಲವಿ ಪಾಸಾದಳು. ಚಿತ್ತಮ್ಮನಿಗೆ ಕಾರಣ ಕೇಳಿ ನೋಟಿಸು ಬಂತು. “ಗಂಧಕ ಇದೆ ಅಂದಿದ್ದು ನಾನು, ಅರ್ಧ ಹೇಳಿ ಬಿಟ್ಟಿದ್ದೂ ನಾನೇ” ಎಂದು ನಿರಂಜನ್ ಪ್ರಾಂಶುಪಾಲರಿಗೆ ಬರೆದುಕೊಟ್ಟಿದ್ದಾರೆ.

ಜೂನ್ ಬಂದಿದೆ, ಆದೇಶ ಬಂದಿಲ್ಲ. ಬರುವತನಕ ಇರಲಿ ಎಂದು ಪ್ರಾಂಶುಪಾಲರು ಹೇಳಿರುವುದರಿಂದ ಚಿತ್ತಮ್ಮ ಎಂದಿನಂತೆ ಆರೂವರೆಗೆ ಬರುತ್ತಾರೆ. ಭಯವಿದೆ, ಮುಚ್ಚಿಡುವುದಿಲ್ಲ. ಆದರೆ ಕಪಾಟಿನ ಕೆಳಗಿನ ಡಬ್ಬಿಯಲ್ಲಿ ಒಂಬತ್ತು ಹೊಸ ದಾರಗಳಿವೆ, ಮನೆಯಲ್ಲಿ ಬಣ್ಣ ಹಾಕಿ ಒಣಗಿಸಿದವು. ಇಪ್ಪತ್ತರಲ್ಲಿ ಅವರು ಇನ್ನೂ ಕಾಣದ ಒಂಬತ್ತಕ್ಕೆ.

“ತರಿಸಿದ್ರೆ ಒಂದ್ಸಲ ಕಣ್ಣಾರೆ ನೋಡ್ಬೇಕು ಅಂತ ಆಸೆ ಐತೆ. ನಾನಿರ್ಲಿಲ್ಲ ಅಂದ್ರೆ ಬಂದೋರು ಕಟ್ಕಳ್ಳಿ” ಎಂದು ಡಬ್ಬಿ ಮುಚ್ಚುತ್ತಾರೆ. ಮತ್ತೆ ಎದ್ದು ಹೋಗಿ ಮೆಥಿಯೊನೈನ್ ಬಾಟಲಿಯ ಕೊರಳು ಮುಟ್ಟಿ ನೋಡುತ್ತಾರೆ. “ಈ ಕರೀದಕ್ಕೆ ಮಾತ್ರ ಎರಡು ಗಂಟು ಹಾಕೀನಿ. ಅವ್ರಿಗೆ ಅದೊಂದು ಹೇಳ್ರಿ.”