ಮಾಸ್ಟ್ರು ಕಳಿಸಿದ ಗಾಳಿ

ಉಸಿರು ಬಿಗಿಹಿಡಿದಾಗ ವಿಜ್ಞಾನದ ಮಾಸ್ಟ್ರ ಕುತ್ತಿಗೆಯಲ್ಲಿ ಎರಡು ನರ ಹಗ್ಗದಂತೆ ಎದ್ದು ನಿಲ್ಲುತ್ತಿದ್ದವು. ಬೆಳುವಾಯಿ ಕಡೆಯ ಬೋಳು ಪಾದೆಬಂಡೆಯ ಮೇಲೆ ಗಾಳಿಗೆ ಮುಖ ಕೊಟ್ಟು, ಗಾಜಿನ ಕುಪ್ಪಿಯನ್ನು ತಲೆಯ ಮೇಲೆತ್ತಿ, ಅದರ ತಿರುಪು ತೆರೆದು ಮುಚ್ಚುವವರೆಗೆ ಅವರು ಉಸಿರಾಡುತ್ತಿರಲಿಲ್ಲ. ಪೊದೆಯ ಮರೆಯಲ್ಲಿ ಅಡಗಿ ನಾನು ಇದನ್ನು ನೋಡಿದ್ದೇನೆ.

ಅರುವತ್ತರ ದಶಕ, ಪಾನನಿಷೇಧದ ಕಾಲ. ನಾನು ಮೂಡುಬಿದಿರೆಯಲ್ಲಿ ಬಸ್ಸಿನ ಬುಕಿಂಗ್ ಏಜೆಂಟ್. ದೂರದ ಪ್ರಯೋಗಾಲಯಕ್ಕೆಂದು ಮಾಸ್ಟ್ರು ಆಗಾಗ ಕುಪ್ಪಿಗಳ ಪೆಟ್ಟಿಗೆಯನ್ನು ಮಂಗಳೂರು ಬಸ್ಸಿಗೆ ಹಾಕಲು ತರುತ್ತಿದ್ದರು. ಒಳಗೇನೆಂದು ಕೇಳಿದರೆ "ಗಾಳಿ" ಎನ್ನುತ್ತಿದ್ದರು.

"ಮಂಗಳೂರಿನಲ್ಲಿ ಗಾಳಿ ಇಲ್ವಾ ಮಾಸ್ಟ್ರೇ?" ಡ್ರೈವರ್ ಕೆಣಕಿದ.

"ಉಂಟು. ಹೊಗೆ ಸೇರದ್ದು ಬೇಕಂತೆ. ಅಲ್ಲಿ ಅದರೊಳಗೆ ಅವಕೆಂಪು ಕಿರಣ ಹಾಯಿಸ್ತಾರೆ, ಕಣ್ಣಿಗೆ ಕಾಣದ ಬೆಳಕು. ಇಂಗಾಲಾಮ್ಲ ಅನಿಲ ಅದನ್ನು ಹೀರಿಕೊಳ್ತದೆ. ಎಷ್ಟು ಹೀರಿತು ಅಂತ ನೋಡಿದರೆ, ಗಾಳಿಯಲ್ಲಿ ಅದು ಎಷ್ಟುಂಟು ಅಂತ ಗೊತ್ತಾಗ್ತದೆ."

ಅವರು ಹೋದ ಮೇಲೆ ಡ್ರೈವರ್ ಹೇಳಿದ, "ಕಾಣದ ಬೆಳಕಂತೆ. ಖಾಲಿ ಕುಪ್ಪಿಗೆ ಇಷ್ಟು ಭದ್ರ ಯಾಕೆ ಮಾರಾಯ? ಸಾರಾಯಿಯದ್ದೇ. ಸಿಕ್ಕಿಬಿದ್ದರೆ ಒಳಗೆ ಹೋಗುವುದು ನೀನು."

ಆ ಹೆದರಿಕೆಗೇ ಅವರ ಬೆನ್ನು ಹತ್ತಿ ಪಾದೆಗೆ ಹೋದದ್ದು. ಕಂಡದ್ದರಿಂದ ಅನುಮಾನ ಇಮ್ಮಡಿಯಾಯಿತು. ಬರಿಯ ಗಾಳಿ ಹಿಡಿಯುವವನು ಉಸಿರು ಕಟ್ಟುತ್ತಾನೆಯೇ?

ಮುಂದಿನ ಪೆಟ್ಟಿಗೆ ಬಂದಾಗ ಒಂದು ಕುಪ್ಪಿಯ ತಿರುಪು ತೆರೆದು ಮೂಸಿದೆ. ವಾಸನೆ ಇಲ್ಲ. ಬಾಯಿಟ್ಟು ಎಳೆದೆ. ರುಚಿಯೂ ಇಲ್ಲ. ಪರರ ಸೊತ್ತು ತೆಗೆದಂತಾಯಿತಲ್ಲ ಎಂದು ಅಳುಕಾಗಿ, ಎಳೆದಷ್ಟನ್ನೂ ಊದಿ ತುಂಬಿಸಿ ಮುಚ್ಚಿದೆ. ಕಳ್ಳತನವಾಗಲಿಲ್ಲ ಎಂಬ ಸಮಾಧಾನ ನನ್ನದು. ಆದರೂ ಸಂಶಯ ಬಿಡಲಿಲ್ಲ. ಆಮೇಲೆ ಬಂದ ಎಷ್ಟೋ ಪೆಟ್ಟಿಗೆಗಳಲ್ಲಿ ಹೀಗೇ ಮಾಡಿದೆ.

ಒಂದು ದಿನ ಮಾಸ್ಟ್ರು ಬರಿಗೈಯಲ್ಲಿ ಬಂದರು.

"ಇನ್ನು ಪೆಟ್ಟಿಗೆ ಇಲ್ಲ ಮಾರಾಯ. ಇಂಗಾಲಾಮ್ಲ ವಿಪರೀತ ಉಂಟಂತೆ, ಕುಪ್ಪಿಯಲ್ಲಿ ಮನುಷ್ಯರ ಉಸಿರು ಸೇರಿದೆಯಂತೆ. ಎರಡು ವರ್ಷದ ಲೆಕ್ಕ ಇಡೀ ತೆಗೆದುಹಾಕಿದರಂತೆ."

"ಯಾರದ್ದು?" ಎಂದೆ.

"ನನ್ನದೇ. ಪ್ರಾಯ ಆಯ್ತಲ್ಲ, ಬಿಗಿಹಿಡಿಯಲಿಕ್ಕೆ ಆಗುವುದಿಲ್ಲ, ನನಗೇ ಗೊತ್ತಾಗಲಿಲ್ಲ. ದಾರಿಯಲ್ಲಿ ಯಾರಾದರೂ ತೆರೆದಿರಬಹುದಾ ಅಂತಲೂ ಕೇಳಿದ್ದರು. ನಮ್ಮ ಏಜೆಂಟ್ ಅಂಥವನಲ್ಲ ಅಂತ ಬರೆದಿದ್ದೇನೆ."

ನಾನು ಟಿಕೆಟ್ ಪುಸ್ತಕ ತಿರುವುತ್ತಾ ಕುಳಿತೆ.

ಆಮೇಲೆ ಶಾಲೆಯಲ್ಲಿ ಪ್ರಯೋಗ ಮಾಡಿ ತೋರಿಸುವಾಗಲೆಲ್ಲ, "ನನ್ನ ಕೈಯನ್ನು ನಂಬಬೇಡಿ ಮಕ್ಕಳೇ, ನೀವೇ ಇನ್ನೊಮ್ಮೆ ಮಾಡಿ ನೋಡಿ" ಎನ್ನುತ್ತಿದ್ದರಂತೆ. ನಿವೃತ್ತಿಯವರೆಗೂ ಹಾಗೆಯೇ.

ಅವರ ಚಟ್ಟಕ್ಕೆ ಹೆಗಲು ಕೊಟ್ಟವರಲ್ಲಿ ನಾನೂ ಒಬ್ಬ. ತಪ್ಪು ಅವರದಲ್ಲವೆಂದು ಅವರಿಗೆ ಹೇಳಬಲ್ಲವನು ಊರಿನಲ್ಲಿ ನಾನೊಬ್ಬನೇ ಇದ್ದೆ. ಹೇಳಲಿಲ್ಲ.