‘ಐತಿ’ ಮುಗಿಯುವಲ್ಲಿ

ಮೇಲವಂಕಿಯ ಫಕೀರವ್ವನಿಗೆ ತೆಂಕಣ ಸೀಮೆ ಗೊತ್ತಿದ್ದದ್ದು ನಡೆದು ನಡೆದು. ಮದುವೆಯಾದ ವರ್ಷದಿಂದ, ದೀಪಾವಳಿ ಮುಗಿಯುತ್ತಲೇ ಗಂಡ ಮಾಲಿಂಗನ ಜೊತೆ ಕುರಿ ಹೊಡೆದುಕೊಂಡು, ಕುದುರೆಯ ಮೇಲೆ ಸಂಸಾರ ಹೇರಿಕೊಂಡು, ಭತ್ತ ಕೊಯ್ದ ಗದ್ದೆಗಳ ನಾಡಿಗೆ ಹೋಗುತ್ತಿದ್ದಳು. ಅಲ್ಲಿಯ ರೈತರು ಗೊಬ್ಬರಕ್ಕೆಂದು ಗದ್ದೆಯಲ್ಲಿ ಕುರಿ ನಿಲ್ಲಿಸಿಕೊಳ್ಳುತ್ತಿದ್ದರು. ಇಡೀ ಗದ್ದೆಗೆ ಗೊಬ್ಬರ ಬೀಳಲೆಂದು, ಒಂದು ರಾತ್ರಿ ಮಲಗಿದ ಜಾಗದಿಂದ ಮರುದಿನ ಹಿಂಡನ್ನು ಸರಿಸಬೇಕು.

ತೆಂಕಣ ಎಲ್ಲಿಂದ ಶುರು ಎಂದು ಕೇಳಿದರೆ ಮಾಲಿಂಗ ಹೊಳೆ, ಗುಡ್ಡದ ಹೆಸರು ಹೇಳುತ್ತಿರಲಿಲ್ಲ. ಯಾರದಾದರೂ ಮನೆ ಮುಂದೆ ನಿಂತು ನೀರು ಕೇಳಬೇಕಂತೆ. “‘ಐತಿ’ ಅಂದ್ರ ಇನ್ನೂ ನಮ್ಮ ಸೀಮಿ. ‘ಇದೆ’ ಅಂದ್ರ ತೆಂಕಣ ಬಂತು, ರೊಟ್ಟಿ ಆಸೆ ಬಿಡು” ಎನ್ನುತ್ತಿದ್ದ. ಅಲ್ಲಿ ಮೂರು ಹೊತ್ತೂ ಅನ್ನ. ಅದಕ್ಕೇ ಹೊರಡುವ ಮೊದಲು ಫಕೀರವ್ವ ಬಹಳ ದಿನ ಕೆಡದ ಜೋಳದ ಕಟಕ ರೊಟ್ಟಿ ಮಾಡಿ ಚೀಲ ತುಂಬುತ್ತಿದ್ದಳು.

ಹೋದ ವರ್ಷ ಮಾಲಿಂಗ ಅಲ್ಲೇ ಜ್ವರ ಬಂದು ಮೂರನೆಯ ದಿನ ತೀರಿಕೊಂಡ. ಗದ್ದೆಯ ಯಜಮಾನ ಒಂದು ಮೂಲೆಯಲ್ಲಿ ಜಾಗ ಕೊಟ್ಟ. ಮಣ್ಣು ಮಾಡಿ, ತಲೆಯ ಕಡೆಗೆ ಕಲ್ಲು ನೆಟ್ಟರು. ಮರುದಿನ ಫಕೀರವ್ವ ಕುರಿಗಳಿಗೆ ನೀರು ಕುಡಿಸಿದ್ದು ನೆನಪಿದೆ. ಅತ್ತದ್ದು ನೆನಪಿಲ್ಲ.

ಈ ವರ್ಷ ಮೊಣಕಾಲು ಹಿಡಿದು ಅವಳು ಮನೆಯಲ್ಲೇ ಉಳಿದಳು. ಮೈದುನ ಸಿದ್ರಾಯ ಕುರಿ ಹೊಡೆದುಕೊಂಡು ಹೋದ. ವರ್ಷದ ಎಡೆಗೆಂದು ಐದು ರೊಟ್ಟಿ ಬೇರೆ ಅರಿವೆಯಲ್ಲಿ ಕಟ್ಟಿಕೊಟ್ಟು, ಕಲ್ಲಿನ ಮುಂದೆ ಇಡು ಎಂದಿದ್ದಳು. ಅದೊಂದು ಆದರೆ ಸಾಕಿತ್ತು ಅವಳಿಗೆ.

ಎಡೆಯ ದಿನ ಮುಂಜಾನೆ ಸಿದ್ರಾಯನ ಫೋನ್ ಬಂತು. ಯಂತ್ರ ತಂದು ಗದ್ದೆ ಸಮ ಮಾಡಿಸಿದ್ದಾರೆ, ಬದುವೂ ಇಲ್ಲ, ಕಲ್ಲೂ ಇಲ್ಲ ಎಂದ. ಬಾಜೂಕ್ಕೆ ಒಂದು ಬೇವಿನ ಗಿಡ ಇತ್ತಲ್ಲ ಎಂದು ಇವಳು ಕೇಳಿದಳು. ಅದನ್ನೂ ಕಡಿದಿದ್ದರು. ಆಮೇಲೆ ಗದ್ದೆಯ ಯಜಮಾನನ ಹೆಂಡತಿ ಫೋನ್ ತೆಗೆದುಕೊಂಡು, ಮಗ ತಿಳಿಯದೆ ಮಾಡಿಸಿಬಿಟ್ಟ ಎಂದು ಮತ್ತೆ ಮತ್ತೆ ಹೇಳಿದಳು.

“ಇಲ್ಲೇ ಎಲ್ಲೋ ಇದೆ, ಅಮ್ಮ.”

ಇದೆ. ಫಕೀರವ್ವ ಉರಿಯುವ ಕಟ್ಟಿಗೆಯನ್ನು ಹಿಂದಕ್ಕೆಳೆದಳು. ಒಲೆಯ ಮೇಲೆ ಹಂಚು ಕಾದಿತ್ತು.

“ವೈನಿ, ರೊಟ್ಟಿ ಎಲ್ಲಿ ಇಡಲಿ?” ಸಿದ್ರಾಯ ಮತ್ತೆ ಫೋನಿಗೆ ಬಂದಿದ್ದ.

“ದಿನಾ ಜಾಗಾ ಸರಸಿ, ಇಡೀ ಗದ್ದಿಗೆ ಕುರಿ ನಿಲ್ಲಸು” ಅಂದಳು. “ಒಂದ ಮೂಲಿನೂ ಬಿಡಬ್ಯಾಡ, ಅವರು ಯಾವ ಮೂಲ್ಯಾಗ ಅದಾರೋ. ರೊಟ್ಟಿ ನೀವ ತಿನ್ರಿ. ಅಲ್ಲಿ ಸಿಗೂದಿಲ್ಲ.”